ಸೋಮವಾರದ ನೊಗ

“ಆ ರೂಮೊಳಕ್ಕೆ ನನ್ ಮಗಳ್ನ ಕಳ್ಸಕ್ಕಿಲ್ಲ ಕಣ್ ಮಂಗ್ಳ, ನೀ ಏನಾರ ಅಂದ್ಕೊ. ಬಸ್ರಿ ಎಂಗ್ಸಿನ್ ವಾಸ್ನೆ ಬಂದ್ರೆ ಸಾಕು, ರಾಗಿ ಅಗೇವಿನಿಂದ ಎದ್ದು ಬತ್ತಾಳಂತೆ ಅವ್ಳು!”

ಪುಟ್ಟಮಲ್ಲಮ್ಮ ಇಷ್ಟು ಹೇಳಿ ಎಲೆಅಡಿಕೆ ಚೀಲದ ದಾರವನ್ನು ಬಿಗಿಯಾಗಿ ಎಳೆದಳು, ಮಾತೂ ಅಲ್ಲಿಗೆ ಕಟ್ಟಿತು ಅನ್ನುವ ಹಾಗೆ.

ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ ಮಂಗಳಮ್ಮನಿಗೆ ತಲೆಬುಡ ಗೊತ್ತಾಗಲಿಲ್ಲ. ರಾವಂದೂರಿನಿಂದ ಈ ಕೊಪ್ಪಲಿಗೆ ಒಂದೂವರೆ ಮೈಲಿ. ಆ ಬಿಸಿಲಲ್ಲಿ ಸೆರಗು ತಲೆಗೆ ಹಾಕಿಕೊಂಡು ನಡೆದು ಬಂದಿದ್ದಳು. ಕೇಳಲು ಬಂದದ್ದು ಒಂದೇ ಮಾತು: ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುವ ಸುಂದ್ರಮ್ಮನನ್ನು ದಿನ ತುಂಬಿದ ಮೇಲೆ ತನ್ನ ಮನೆಯ ಹೆರಿಗೆ ರೂಮಿಗೆ ಕರೆತನ್ನಿ ಅಂತ.

“ಯಾರಕ್ಕ ಎದ್ದು ಬರೋದು?”

“ಇನ್ಯಾರು? ನಿನ್ ನಾದ್ನಿ ರಾಚಮ್ಮ. ಪುಸ್ತ್ಕದಲ್ಲಿ ಬರ್ದವ್ರಂತಲ್ಲ! ಲಿಂಗಣ್ಣನ್ ಓಟ್ಲಲ್ಲಿ ದಿನಾ ಓದ್ತಾವ್ರೆ. ನನ್ ಮಗ ನಂಜಣ್ಣ ಎಲ್ಡ್ ಸಲ ಕೇಳ್ಕಂಡ್ ಬಂದವ್ನೆ. ನಿನ್ ಗಂಡ ಕಂಠಪ್ಪ ಆಸ್ತಿ ಆಸೆಗೆ ತುಂಬಿದ್ ಬಸ್ರಿ ತಂಗೀನ ಉಸ್ರಿರಂಗೇ ಅಗೇವಿಗೆ ತಳ್ಬುಟ್ನಂತೆ.”

ಮಂಗಳಮ್ಮ ಎದ್ದು ನಿಂತಳು. ಎದ್ದ ರಭಸಕ್ಕೆ ಪಕ್ಕದಲ್ಲಿದ್ದ ನೀರಿನ ಚೊಂಬು ಉರುಳಿ ಮೆಟ್ಟಿಲು ಇಳಿಯಿತು.

“ಪುಟ್ಟಮಲ್ಲಕ್ಕ, ರಾಚವ್ವ ಸಾಯೋವಾಗ ನೀನು ಅಲ್ಲೇ ಇದ್ದೆ.”

“ಇದ್ದೆ. ಆದ್ರೆ ಅಚ್ಚಾಗದೆ ಅಂತಾರಲ್ಲವ್ವ,” ಅಂದು ಪುಟ್ಟಮಲ್ಲಮ್ಮ ಬೇರೆಲ್ಲೋ ನೋಡಿದಳು.

ಆ ರೂಮಿನ ವಿಷಯ ಒಂದಿಷ್ಟು ಹೇಳಬೇಕು. ಗಂಡ ಕಂಠಪ್ಪ ತೀರಿಕೊಂಡು ನಾಲ್ಕು ವರ್ಷ. ಕನ್ನಡ ರಾಜ್ಯ ಒಂದಾದ ಮರುವರ್ಷ ಸರ್ಕಾರದಿಂದ ರಾವಂದೂರಿಗೆ ಹೆರಿಗೆ ಮಾಡಿಸುವ ನರ್ಸಮ್ಮ ಬರುತ್ತಾಳೆ, ಆದರೆ ಕಟ್ಟಡ ಇಲ್ಲ ಅಂದಾಗ ಬೀದಿ ಕಡೆಯ ದೊಡ್ಡ ರೂಮನ್ನು ಮಂಗಳಮ್ಮನೇ ಬಿಟ್ಟುಕೊಟ್ಟಳು. ಬಾಡಿಗೆ ಬೇಡ ಅಂದಳು. ಆ ರೂಮಿನಲ್ಲೇ ರಾಚಮ್ಮ ಎರಡು ರಾತ್ರಿ ಒಂದು ಹಗಲು ಗೋಳಾಡಿದ್ದಳು. ಹದಿನಾಲ್ಕು ವರ್ಷದಿಂದ ಅಲ್ಲಿ ಗುಡಿಸುವುದಕ್ಕೂ ಮಂಗಳಮ್ಮನಿಗೆ ಕೈ ಬಂದಿರಲಿಲ್ಲ. ಈಗ ತಾನೇ ನಿಂತು ಸುಣ್ಣ ಹೊಡೆಸಿದಳು. ಬಿಳಿ ಬಣ್ಣದ ಕಬ್ಬಿಣದ ಮಂಚ ಬಂತು, ಕೆ.ಆರ್. ನಗರದ ಕಡೆಯ ಪ್ರೇಮಮ್ಮ ಅನ್ನುವ ನರ್ಸು ಟ್ರಂಕು ಹೊತ್ತು ಬಂದಳು. ಮೂರು ವಾರವಾಯಿತು, ಹೊಸ್ತಿಲು ದಾಟಿದ ಬಸುರಿ ಒಬ್ಬಳೂ ಇಲ್ಲ. ತಿಂಗಳ ಕೊನೆಯೊಳಗೆ ಒಂದು ಹೆರಿಗೆಯಾದರೂ ಆಗದಿದ್ದರೆ ಮಂಚವನ್ನೂ ನರ್ಸನ್ನೂ ಬೇರೆ ಊರಿಗೆ ಎತ್ತಿಬಿಡುತ್ತೇವೆ ಅಂತ ಮೇಲಿನವರು ಹೇಳಿ ಹೋಗಿದ್ದರು. ಯಾಕೆ ಯಾರೂ ಬರುತ್ತಿಲ್ಲ ಅನ್ನುವುದು ಮಂಗಳಮ್ಮನಿಗೆ ಇವತ್ತು ಗೊತ್ತಾಯಿತು.

ಕೊಪ್ಪಲಿನಿಂದ ನೇರ ಲಿಂಗಣ್ಣನ ಹೋಟೆಲಿಗೇ ಬಂದಳು. ಅದರ ಮೆಟ್ಟಿಲನ್ನು ಹೆಂಗಸರು ಹತ್ತಿದ್ದು ಊರಲ್ಲಿ ಯಾರೂ ಕಂಡಿರಲಿಲ್ಲ. ಇವಳು ಹತ್ತಿದಳು. ಒಳಗೆ ಕಾಫಿ ಹೀರುತ್ತಿದ್ದ ಗಂಡಸರು ಲೋಟ ಕೆಳಗಿಟ್ಟರು.

“ಲಿಂಗಣ್ಣ, ಆ ಪುಸ್ತ್ಕ ಕೊಡು.”

“ಯಾವ್ ಪುಸ್ತ್ಕ ಅಕ್ಕಾರೆ?”

“ನಮ್ಮನೆ ಎಣ ಐತಲ್ಲ, ಆ ಪುಸ್ತ್ಕ.”

ಲಿಂಗಣ್ಣ ಬೋಂಡದ ತಟ್ಟೆಯ ಹಿಂದಿನಿಂದ ಎಣ್ಣೆ ಕಲೆಯಾದ ಮಾಸಪತ್ರಿಕೆಯೊಂದನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಬರೆದವರ ಹೆಸರನ್ನು ಮಂಗಳಮ್ಮ ಅಕ್ಷರ ಕೂಡಿಸಿಕೊಂಡು ಓದಿದಳು. ಗೋ-ವಿಂ-ದ-ಯ್ಯ.

ಗೋವಿಂದಯ್ಯ ಮೇಷ್ಟ್ರು! ರಾವಂದೂರಿನ ಸ್ಕೂಲಿನಲ್ಲಿದ್ದಾಗ ಎರಡು ವರ್ಷ ಇವಳ ಮನೆಯ ಅಟ್ಟದ ಕೋಣೆಯಲ್ಲೇ ಇದ್ದವರು. ಈಗ ಬೇರೆ ಊರಿನ ಸ್ಕೂಲಿಗೆ ವರ್ಗವಾಗಿ ಹ್ಯಾಂಡ್‌ಪೋಸ್ಟಿನಲ್ಲಿದ್ದರು. ಬೆಳಿಗ್ಗೆ ಹಾಲು, ಮಧ್ಯಾಹ್ನ ಮಜ್ಜಿಗೆ, ಜ್ವರ ಬಂದಾಗ ಗಂಜಿ, ಎಲ್ಲ ಇವಳ ಕೈಯದೇ. ಒಂದು ಸಂಜೆ ಅವರು “ನಿಮ್ಮ ನಾದಿನಿ ಹೇಗೆ ಹೋದ್ರು?” ಅಂತ ಮೆಲ್ಲಗೆ ಕೇಳಿದಾಗ ಇವಳು ಅತ್ತುಕೊಂಡು ಹೇಳಿದ್ದಳು. ಅವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು.

ಪತ್ರಿಕೆ ಮನೆಗೆ ತಂದ ಮೇಲೆ ಪ್ರೇಮಮ್ಮ ಆ ಖಾಲಿ ಮಂಚದ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಮಂಗಳಮ್ಮ ಹೊಸ್ತಿಲ ಮೇಲೆ ಕೂತಳು.

“‘ಕಾರ್ಮೋಡ ಕವಿದ ಸಂಜೆ ಕುದುರೆಯೇರಿ ಆ ಶಾಪಗ್ರಸ್ತ ಸೌಧದ ಮುಂದೆ ಬಂದು ನಿಂತೆ...’”

“ಕುದ್ರೆನಾ? ಬಂದಿದ್ದು ಗೊಬ್ರದ್ ಗಾಡೀಲಿ, ಟ್ರಂಕ್ ಮೇಲೆ ಕುಂತ್ಕಂಡು. ಮುಂದಕ್ಕೋದು.”

“‘ದ್ವಾರದ ಮೇಲಿನ ಎರಡು ಕಲ್ಲಿನ ಬಸವಗಳು ನನ್ನನ್ನು ಕೆಂಗಣ್ಣಿನಿಂದ ದಿಟ್ಟಿಸಿದವು.’”

“ಬಸವಣ್ಣನ ಕಣ್ಣು ಕೆಂಪಂತಾ! ಕಣ್ಣೇ ಕೆತ್ತಿಲ್ಲ ಕಣಮ್ಮ ಅವಕ್ಕೆ, ನೋಡು ಬೇಕಾರೆ.”

ಪ್ರೇಮಮ್ಮನಿಗೆ ನಗು ಬಂತು. ಆದರೆ ಮುಂದಕ್ಕೆ ಹೋದ ಹಾಗೆ ನಗು ನಿಂತಿತು. ಕತೆಯಲ್ಲಿ ಮಾತೇ ಆಡದ ಅಣ್ಣ. ಬೀಗ ಹಾಕಿದ ಕೋಣೆಯಲ್ಲಿ ಬಸುರಿ ತಂಗಿ. ಒಂದು ದಿನ ‘ತಂಗಿ ತೀರಿಕೊಂಡಳು’ ಅನ್ನುತ್ತಾನೆ ಅಣ್ಣ. ಹೆಣ ಕಂಡವರಿಲ್ಲ. ಆಮೇಲೆ ನೆಲದ ಅಡಿಯಿಂದ ಉಗುರು ಕೆರೆಯುವ ಸದ್ದು. ಅಂಗಳದ ಹಗೇವಿನ ಬಾಯಿಗೆ ಹೊಸ ಮಣ್ಣು ಮೆತ್ತಿದೆ. ಅಮಾವಾಸ್ಯೆಯ ದಿನ ಮುಚ್ಚಿದ ಕಲ್ಲು ತಾನಾಗಿ ಸರಿಯುತ್ತದೆ. ತಂಗಿ ಎದ್ದು ಬರುತ್ತಾಳೆ, ಮಡಿಲಲ್ಲಿ ಕೂಸು. ಅಣ್ಣ ಎದೆಯೊಡೆದು ಸಾಯುತ್ತಾನೆ. ಮನೆಗೆ ಸಿಡಿಲು ಬಡಿಯುತ್ತದೆ.

“‘ಇಂದಿಗೂ ಬಸುರಿಯರು ಆ ಬೀದಿಯಲ್ಲಿ ನಡೆಯುವುದಿಲ್ಲ,’” ಅಂತ ಕೊನೆಯ ಸಾಲು ಓದಿ ಪ್ರೇಮಮ್ಮ ಪುಸ್ತಕ ಮುಚ್ಚಿದಳು.

ಅಂಗಳದಲ್ಲಿ ಹಗೇವು ತನ್ನ ಪಾಡಿಗೆ ಇತ್ತು. ಹಗೇವು ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಆಳದ ಗುಂಡಿ, ಮೇಲೊಂದು ಚಪ್ಪಡಿ ಕಲ್ಲು. ಆ ಕಲ್ಲಿನ ಮೇಲೆ ಮಂಗಳಮ್ಮ ದಿನವೂ ಹಪ್ಪಳ ಒಣಗಿಸುತ್ತಿದ್ದಳು.

“ಆ ಅಗೇವಿನ್ ರಾಗೀನೇ ಎರಡು ವರ್ಷ ಉಂಡಿದ್ದು ಮೇಷ್ಟ್ರು,” ಅಂದಳು. “ಉಂಡು, ಅದ್ರೊಳಕ್ಕೇ ನನ್ ನಾದ್ನೀನ ಇಳಿಸವ್ರೆ. ನಾವು ರಾಚವ್ವನ್ನ ಊರೆಲ್ಲ ನೋಡ್ತಿರಂಗೆ ಕೂರ್ಸಿ, ಅಂಗೈಲಿ ಲಿಂಗ ಇಟ್ಟು, ವಿಭೂತಿ ಆಕಿ ಮಣ್ಣು ಮಾಡಿದ್ವಿ. ಎಣ ಕಂಡೋರಿಲ್ವಂತೆ!” ಪುಸ್ತಕದ ಕಡೆ ಕೈ ಚಾಚಿದಳು. “ಸೋಮ್ವಾರ ಎಲ್ಲೈತೆ ಅದ್ರಲ್ಲಿ?”

“ಯಾವ ಸೋಮವಾರ, ಅಮ್ಮ?”

ಮಂಗಳಮ್ಮ ಹೇಳಿದಳು. ರಾಚಮ್ಮನಿಗೆ ನೋವು ಶುರುವಾದದ್ದು ಭಾನುವಾರ ಸಂಜೆ. ಸೋಮವಾರ ಬೆಳಗಾಗುವ ಹೊತ್ತಿಗೆ ಕೂಸು ಅಡ್ಡ ತಿರುಗಿದೆ ಅಂತ ಗೊತ್ತಾಯಿತು. ಹುಣಸೂರಿನಲ್ಲಿ ಆಸ್ಪತ್ರೆ ಇತ್ತು. ಮನೆ ಮುಂದೆ ಗಾಡಿ ಇತ್ತು, ಕೊಟ್ಟಿಗೆಯಲ್ಲಿ ಎರಡು ಗಟ್ಟಿ ಎತ್ತು. ಆದರೆ ಸೋಮವಾರ ಬಸವಣ್ಣನ ದಿನ. ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವ ಪದ್ಧತಿ ಇಲ್ಲ. ಉಳುವುದಿಲ್ಲ, ಗಾಡಿ ಕಟ್ಟುವುದಿಲ್ಲ. ಕಂಠಪ್ಪ ನೊಗ ಎತ್ತಿ ತಂದಿದ್ದ. ಎಲ್ಲರೂ ಬೇಡ ಅಂದರು. ಒಂದು ದಿನ ತಾನೇ, ನಾಳೆ ಬೆಳಗಾಗಲಿ ಅಂದರು. ಮಂಗಳವಾರ ಕೋಳಿ ಕೂಗಿದ ಕೂಡಲೇ ಗಾಡಿ ಕಟ್ಟಿದರು. ಕೆರೆ ಏರಿ ದಾಟುವುದರೊಳಗೆ ರಾಚಮ್ಮನ ಕೈ ತಣ್ಣಗಾಗಿತ್ತು. ಕಂಠಪ್ಪ ಎತ್ತಿನ ಕತ್ತು ತಬ್ಬಿ ಅತ್ತ. ಸಾಯುವ ತನಕ ಅವನು ಮತ್ತೆ ಆ ಗಾಡಿ ಹತ್ತಲಿಲ್ಲ.

“ಇದ್ನೆಲ್ಲ ಮೇಷ್ಟ್ರಿಗೆ ಯೋಳಿದ್ದೆ,” ಅಂದಳು ಮಂಗಳಮ್ಮ. “ಒಂದು ಅಕ್ಸರ ಬರ್ದಿಲ್ಲ.”

ಮಾರನೆಯ ದಿನ ಮೊದಲ ಬಸ್ಸಿಗೇ ಹೊರಟಳು. ಹುಣಸೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಹ್ಯಾಂಡ್‌ಪೋಸ್ಟಿನಲ್ಲಿ ಇಳಿದಾಗ ಮಧ್ಯಾಹ್ನ. ಸ್ಕೂಲಿನಲ್ಲಿ ಊಟದ ಗಂಟೆ ಹೊಡೆದಿತ್ತು. ಗೋವಿಂದಯ್ಯ ಮೇಷ್ಟ್ರು ಖಾಲಿ ಕ್ಲಾಸಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಬಾಗಿಲಲ್ಲಿ ಇವಳನ್ನು ಕಂಡು ಮುಖ ಅರಳಿತು.

“ಮಂಗಳಮ್ಮನವರೇ! ಬನ್ನಿ, ಬನ್ನಿ. ಊಟ ಆಯ್ತಾ?”

ಅವಳು ಪತ್ರಿಕೆಯನ್ನು ಬುತ್ತಿಯ ಪಕ್ಕ ಇಟ್ಟಳು.

“ನನ್ ಗಂಡ ಕೊಲೆಗಾರನಾ ಮೇಷ್ಟ್ರೇ?”

ಅರಳಿದ ಮುಖ ಮುದುಡಿತು. “ಅಯ್ಯೋ, ಅದು ಕತೆ ಕಣ್ರಮ್ಮ! ಹೆಸರು ಬದಲಾಯಿಸಿದೀನಿ. ರಾಚಮ್ಮ ಅಂತಿಲ್ಲ, ರಾಜಮ್ಮ ಅಂತಿದೆ.”

“ಮನೆ ಬದ್ಲಾಯ್ಸಿದೀರಾ? ಬಸವಣ್ಣ ಅಂಗೇ ಅವ್ನೆ, ಅಗೇವು ಅಂಗೇ ಐತೆ, ಊರಿನ್ ಎಸ್ರೂ ಅಂಗೇ. ನಾಯಿ ಬಂದ್ರೂ ಗುರ್ತ್ ಇಡೀತದೆ.”

ಮೇಷ್ಟ್ರು ಕೆಟ್ಟವರಲ್ಲ. ನಿಜವಾಗಿಯೂ ಅವರಿಗೆ ವಿವರಿಸಬೇಕು ಅನ್ನಿಸಿತು. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ನಾಲ್ಕು ಮೆಟ್ಟಿಲು ಬರೆದರು.

“ನೋಡಿ, ಭಯದ ಕತೆಗೆ ಒಂದು ಕಟ್ಟಡ ಇರತ್ತೆ. ಇಂಗ್ಲೀಷಿನವರು ನೂರಾರು ವರ್ಷದಿಂದ ಹೀಗೇ ಕಟ್ತಾರೆ. ಮೊದಲನೇ ಮೆಟ್ಟಿಲು ಮನೆ. ಕಂಡ ಕೂಡಲೇ ಓದೋವನ ಎದೆ ಭಾರ ಆಗ್ಬೇಕು. ಎರಡನೇದು ಶಂಕೆ. ಏನೋ ಸದ್ದು, ಯಾರೂ ಉತ್ತರ ಕೊಡಲ್ಲ. ಮೂರನೇದು ಗುಟ್ಟು. ಮುಚ್ಚಿಟ್ಟಿದ್ದು ಮೇಲೆ ಬರ್ಬೇಕು. ನಾಲ್ಕನೇದು ನಾಶ. ಮುಚ್ಚಿಟ್ಟವನೂ ಉಳೀಬಾರ್ದು, ಮನೆಯೂ ಉಳೀಬಾರ್ದು. ಒಂದು ಮೆಟ್ಟಿಲು ತಪ್ಪಿದ್ರೂ ಕತೆ ನಿಲ್ಲಲ್ಲ.”

ಮಂಗಳಮ್ಮ ಬೋರ್ಡಿನ ಹತ್ತಿರ ಹೋಗಿ ಒಂದೊಂದೇ ಮೆಟ್ಟಿಲನ್ನು ಬೆರಳಿಟ್ಟು ನೋಡಿದಳು.

“ಸೋಮ್ವಾರ ಯಾವ್ ಮೆಟ್ಲಲ್ಲೈತೆ?”

“ಸೋಮವಾರಕ್ಕೆ... ಜಾಗ ಆಗ್ಲಿಲ್ಲ.” ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಸೋಮವಾರ ಎತ್ತು ಕಟ್ಟಲಿಲ್ಲ ಅಂತ ಬರೆದ್ರೆ ಯಾರು ಹೆದರ್ತಾರೆ ಹೇಳಿ? ಅದು ಎಲ್ಲರ ಮನೆಯಲ್ಲೂ ಮಾಡೋದೇ.”

“ಅದ್ಕೇ ಮೇಷ್ಟ್ರೇ ಎದ್ರ್ಕಬೇಕಾಗಿದ್ದು!” ಅವಳ ದನಿಗೆ ಹೊರಗೆ ಆಡುತ್ತಿದ್ದ ಮಕ್ಕಳೆಲ್ಲ ಕಿಟಕಿಗೆ ಬಂದರು. “ನೀವು ಒಬ್ಬ ರಾಕ್ಸಸ ಅಣ್ಣನ್ನ ಮಾಡಿ ನಿಲ್ಸುದ್ರಿ. ಊರೋರೆಲ್ಲ ಕಾಫಿ ಕುಡ್ಕಂಡು ಕೇಳ್ತಾವ್ರೆ. ಯಾಕ್ ಕೇಳಕ್ಕಿಲ್ಲ? ಅವ್ರ್ಯಾರ್ ಎಸ್ರೂ ಅದ್ರಲ್ಲಿಲ್ಲ. ಅವತ್ತು ಜಗ್ಲಿ ಮೇಲೆ ನಿಂತು ಬ್ಯಾಡ ಬ್ಯಾಡ ಅಂದೋರೆಲ್ಲ ತಪ್ಪುಸ್ಕಂಡ್ರು, ಸತ್ತಿರೋ ನನ್ ಗಂಡ ಸಿಗಾಕ್ಕಂಡ. ಈಗ ಬಸ್ರೀರು ನರ್ಸಮ್ಮನತ್ರ ಬರ್ದೆ ಮನೇಲೇ ಸಾಯ್ತಾರೆ. ಅದು ನಿಮ್ ಕತೇಲಿ ಎಷ್ಟನೇ ಮೆಟ್ಲು?”

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, “ಸಂಪಾದಕರಿಗೆ ಬರೀತೀನಿ. ಇದು ಕಲ್ಪನೆ ಅಂತ ಮುಂದಿನ ಸಂಚಿಕೇಲಿ ಹಾಕ್ಸೋಣ. ಬೇಕಾದ್ರೆ ಇನ್ನೊಂದು ಕತೆ...” ಅಂದರು.

“ಬ್ಯಾಡಿ. ಇನ್ನೊಂದು ಮಾತ್ರ ಬರೀಬ್ಯಾಡಿ ನೀವು.”

ಅವರು ಬಸ್ಸಿನವರೆಗೆ ಬರುತ್ತೇನೆ ಅಂದರು. ಅದಕ್ಕೂ ಬೇಡ ಅಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮನಸ್ಸಿನಲ್ಲೇ ಮೇಷ್ಟ್ರನ್ನು ಬೈಯುತ್ತಾ ಹೋದಳು. ಉಂಡ ಮನೆಗೆ ಸಿಡಿಲು ಹೊಡೆಸಿದ್ರಲ್ಲ, ಕೈ ಹೇಗೆ ಬಂತು! ಬೈಗುಳ ಮುಗಿಯುತ್ತಾ ಬಂದ ಹಾಗೆ ಆ ಮೂರನೇ ಮೆಟ್ಟಿಲು ಕಣ್ಣ ಮುಂದೆ ನಿಂತಿತು. ಮುಚ್ಚಿಟ್ಟದ್ದು. ಮೇಷ್ಟ್ರಿಗೆ ತಾನು ಹೇಳಿದ್ದೇನು? ‘ಎಲ್ಲರೂ ಬೇಡ ಅಂದ್ರು.’ ನಿನ್ನೆ ಪ್ರೇಮಮ್ಮನಿಗೆ ಹೇಳಿದ್ದೂ ಅಷ್ಟೇ. ಎಲ್ಲರೂ ಅಂದರೆ ಯಾರು? ಹದಿನಾಲ್ಕು ವರ್ಷದಲ್ಲಿ ಒಂದು ಹೆಸರೂ ತನ್ನ ಬಾಯಿಂದ ಹೊರಬಿದ್ದಿರಲಿಲ್ಲ. ಆ ಹೆಸರುಗಳ ಕೊನೆಯಲ್ಲಿ ಯಾರ ಹೆಸರಿದೆ ಅನ್ನುವುದು ಗೊತ್ತಿದ್ದೇ ತಾನು ‘ಎಲ್ಲರೂ’ ಅಂದದ್ದು. ಹುಣಸೂರು ಬರುವ ತನಕ ಮಂಗಳಮ್ಮ ಮತ್ತೆ ಯಾರನ್ನೂ ಬೈಯಲಿಲ್ಲ.

ಶನಿವಾರ ಬೆಳಿಗ್ಗೆ ಮತ್ತೆ ಕೊಪ್ಪಲಿಗೆ ನಡೆದಳು. ಪುಟ್ಟಮಲ್ಲಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಸುಂದ್ರಮ್ಮ ಒಳಗಡೆ ಗೋಡೆಗೊರಗಿ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು.

“ಬಂದ್ಯಾ? ನಾ ಆಗ್ಲೇ ಯೋಳಿದೀನಿ, ಕಳ್ಸಕ್ಕಿಲ್ಲ ಅಂತ.”

“ಕಳ್ಸು ಅನ್ನಕ್ಕೆ ಬಂದಿಲ್ಲಕ್ಕ. ಒಂದು ಕತೆ ಯೋಳಕ್ಕೆ ಬಂದೆ. ಮೇಷ್ಟ್ರ ಕತೆಗೆ ನಾಕು ಮೆಟ್ಲಂತೆ. ನಂದಕ್ಕೆ ಒಂದೇ.” ಮಂಗಳಮ್ಮ ನಿಂತೇ ಹೇಳಿದಳು. “ಅವತ್ತು ಕಂಠಪ್ಪ ನೊಗ ಎತ್ಕಂಡು ಬಂದಾಗ ಎತ್ತಿನ್ ಮುಂದೆ ಕೈ ಅಡ್ಡ ಇಟ್ಟಿದ್ದು ಯಾರಕ್ಕ?”

ಮೊರ ನಿಂತಿತು.

“ಊರಲ್ಲಿ ಅರ್ಧ ಮಕ್ಳು ನಿನ್ ಕೈಲೇ ಉಟ್ಟಿದ್ವು. ನಿನ್ ಮಾತು ಯಾರೂ ಮೀರ್ತಿರ್ಲಿಲ್ಲ. ‘ಸೋಮ್ವಾರ ಕಣಪ್ಪ, ಬಸವಣ್ಣನ ಎಗಲ್ ಮೇಲೆ ನೊಗ ಇಟ್ರೆ ಕೂಸಿಗೆ ಒಳ್ಳೇದಾದದಾ? ನಾಳೆ ಬೆಳಗಾಗ್ಲಿ’ ಅಂದೆ. ನಿನ್ ಕೈ ಇಂಗಿತ್ತು.” ಮಂಗಳಮ್ಮ ಅಂಗೈ ಚಾಚಿ ತೋರಿಸಿದಳು.

“ನಾನೊಬ್ಳೇನಾ ಅಂದಿದ್ದು?” ಪುಟ್ಟಮಲ್ಲಮ್ಮನ ದನಿ ಏರಿತು. “ನಿಮ್ಮಾವ ಅನ್ಲಿಲ್ವಾ? ಗೌಡ್ರು ಅನ್ಲಿಲ್ವಾ? ನೀನೇನ್ ಮಾಡ್ತಿದ್ದೆ ಅವತ್ತು? ಬಾಯ್ ತುಂಬ ನೀತಿ ಯೋಳಕ್ ಬತ್ತಾಳೆ!”

“ಎತ್ತಿನ್ ಅಗ್ಗ ನನ್ ಕೈಲಿತ್ತು. ರಾಚವ್ವ ಒಳಗಿಂದ ‘ಅತ್ಗೆ, ಗಾಡಿ ಕಟ್ಟುದ್ರಾ?’ ಅಂತಿದ್ಲು. ನಾನು ಅಗ್ಗ ತಗೊಂಡೋಗಿ ಗೂಟಕ್ಕೆ ನೇತಾಕ್ದೆ. ಯಾರೂ ನಂಗೆ ಆಕು ಅಂದಿರ್ಲಿಲ್ಲ. ನಾನೇ ಆಕ್ದೆ.” ಮಂಗಳಮ್ಮ ನಿಲ್ಲಿಸಲಿಲ್ಲ. “ಅವ್ಳು ಎದ್ದು ಬರೋದೇ ಆದ್ರೆ ನನ್ ಕೇಳಕ್ಕೆ ಬರ್ಬೇಕು, ನಿನ್ ಕೇಳಕ್ಕೆ ಬರ್ಬೇಕು. ನಿನ್ ಮಗಳ್ನ ಯಾಕೆ ಮುಟ್ತಾಳೆ? ದೆವ್ವ ಅಂದ್ಬುಟ್ರೆ ನಮ್ಮಿಬ್ರಿಗೂ ಸುಖ. ಅದ್ಕೇ ನೀನು ನಂಬಿದ್ದು.”

ಒಳಗಿನಿಂದ ಸುಂದ್ರಮ್ಮ ಮೆಲ್ಲಗೆ ಬಾಗಿಲಿಗೆ ಬಂದಳು. ಚೌಕಟ್ಟು ಹಿಡಿದುಕೊಂಡಳು.

“ಅವ್ವ, ನಂಗೆ ನೋವು ಸೋಮ್ವಾರ ಬಂದ್ರೆ?”

“ಒಳಕ್ಕೋಗು,” ಅಂದಳು ಪುಟ್ಟಮಲ್ಲಮ್ಮ. “ನೀನೂ ಓಗವ್ವ ಮಂಗ್ಳ. ಸಾಕು ನಿನ್ ಕತೆ.”

ಮಂಗಳಮ್ಮ ಹೊರಟಳು. ಬೇಲಿ ದಾಟಿ ತಿರುಗಿ ನೋಡಿದಾಗ ಪುಟ್ಟಮಲ್ಲಮ್ಮ ಹುರುಳಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಬಲಗೈಯನ್ನೇ ನೋಡುತ್ತಿದ್ದಳು.

ಒಂದು ವಾರ ಯಾರೂ ಬರಲಿಲ್ಲ. ಅದರಾಚೆಯ ಸೋಮವಾರ, ತಿಂಗಳು ಮುಗಿಯಲು ಇನ್ನು ಎರಡೇ ದಿನ. ಪ್ರೇಮಮ್ಮ ಹತ್ತಿ, ಕತ್ತರಿ, ಬಟ್ಟೆಗಳನ್ನೆಲ್ಲ ಟ್ರಂಕಿಗೆ ತುಂಬುತ್ತಿದ್ದಳು. ಮಂಗಳಮ್ಮ ಹಗೇವಿನ ಕಲ್ಲಿನ ಮೇಲೆ ಹಪ್ಪಳ ಹರಡುತ್ತಿದ್ದಳು. ಬಿಸಿಲು ಏರುವ ಹೊತ್ತು. ಸೋಮವಾರದ ಬೀದಿ ಎಂದಿನ ಹಾಗೆ ಮಲಗಿತ್ತು, ಗಾಡಿ ಇಲ್ಲ, ನೇಗಿಲು ಇಲ್ಲ.

ಆಗ ಕೊರಳ ಗಂಟೆಯ ಸದ್ದು ಕೇಳಿತು.

ಜನ ಜಗಲಿಗಳಿಗೆ ಬಂದು ನಿಂತರು. ಲಿಂಗಣ್ಣ ಹೋಟೆಲಿನಿಂದ ಸೌಟು ಹಿಡಿದುಕೊಂಡೇ ಹೊರಬಂದ. ಬೀದಿಯ ತಿರುವಿನಲ್ಲಿ ಒಂದು ಗಾಡಿ. ಹೊಡೆಯುತ್ತಿದ್ದವನು ನಂಜಣ್ಣ. ಹಿಂದೆ ಹುಲ್ಲಿನ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದ್ದವಳು ಅವನ ತಂಗಿ ಸುಂದ್ರಮ್ಮ. ಎತ್ತುಗಳ ಮುಂದೆ ಯಾರ ಮುಖವನ್ನೂ ನೋಡದೆ ಪುಟ್ಟಮಲ್ಲಮ್ಮ ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ನೊಗಕ್ಕೆ ಮೂರು ಗೆರೆ ವಿಭೂತಿ ಎಳೆದಿತ್ತು.

ಗಾಡಿ ಎರಡು ಬಸವಗಳ ಬಾಗಿಲಿಗೆ ಬಂದು ನಿಂತಿತು. ಪ್ರೇಮಮ್ಮ ಟ್ರಂಕನ್ನು ಹಾಗೇ ಬಿಟ್ಟು ಓಡಿಬಂದಳು. ಮಂಗಳಮ್ಮನೂ ಅವಳೂ ಸೇರಿ ಸುಂದ್ರಮ್ಮನನ್ನು ತೋಳು ಕೊಟ್ಟು ಇಳಿಸಿ ಒಳಗೆ ಕರೆದೊಯ್ದರು.

ಮಂಗಳಮ್ಮ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಹೊರಗೆ ಬಂದಾಗ ನಂಜಣ್ಣ ನೊಗ ಇಳಿಸಲು ಎತ್ತಿನ ಕೊರಳ ಹಗ್ಗಕ್ಕೆ ಕೈ ಹಾಕಿದ್ದ. ಪುಟ್ಟಮಲ್ಲಮ್ಮ ಅಂಗೈ ಚಾಚಿ ಅಡ್ಡ ಇಟ್ಟಳು. ಹುಣಸೂರಿನ ಆಸ್ಪತ್ರೆಯ ದಾರಿಯ ಕಡೆ ಒಮ್ಮೆ ನೋಡಿದಳು. ನಂಜಣ್ಣ ಹಗ್ಗ ಬಿಟ್ಟ.

ಮಂಗಳಮ್ಮ ಬಕೆಟ್ಟನ್ನು ಎತ್ತುಗಳ ಮುಂದಿಟ್ಟಳು. ನೊಗ ಹೊತ್ತುಕೊಂಡೇ ಅವು ತಲೆ ಬಗ್ಗಿಸಿ ನೀರು ಕುಡಿದವು.